ಫಾಲ್ಕನ್ 4.0: 1998ರ ಯುದ್ಧವಿಮಾನದ ಆಟವನ್ನು ಇವತ್ತು ಶುರುವಿನಿಂದ ಕಲಿಯುವುದು ಹೇಗೆ?

ಫಾಲ್ಕನ್ ಅಂದರೆ ಕಂಪ್ಯೂಟರಿನಲ್ಲಿ ಅಮೆರಿಕದ ಎಫ್-16 ಯುದ್ಧವಿಮಾನ ಹಾರಿಸುವ ಆಟ. ಇದನ್ನು ಕಲಿಯಲು ಹೊರಟವರು ಸಾಮಾನ್ಯವಾಗಿ ಕೈಬಿಡುವುದು ಒಂದೇ ಜಾಗದಲ್ಲಿ. ವಿಮಾನ ಇನ್ನೂ ನೆಲ ಬಿಟ್ಟಿರುವುದಿಲ್ಲ. ಎದುರಿಗೆ ರಾಶಿ ರಾಶಿ ಸ್ವಿಚ್ಚು, ಪಕ್ಕದಲ್ಲಿ ದಪ್ಪ ಮ್ಯಾನುಯಲ್. ಬ್ಯಾಟರಿ ಆನ್ ಮಾಡಿ, ಎಂಜಿನ್ ಹಚ್ಚಿ, ದಿಕ್ಕಿನ ಯಂತ್ರ ಸರಿಹೋಗುವ ತನಕ ಕಾದು ಕೂತು, ಅಷ್ಟರಲ್ಲಿ ಮನೆಯವರು ಊಟಕ್ಕೆ ಕರೆದು, "ಇದು ನಮ್ಮಂಥವರಿಗಲ್ಲ ಬಿಡು" ಅಂತ ಎದ್ದು ಹೋಗುತ್ತಾರೆ.

ಕಷ್ಟ ಆಟದ್ದಲ್ಲ, ಕಲಿಯುವ ಕ್ರಮದ್ದು. ಸ್ವಿಚ್ಚು ಒತ್ತುವ ಸುಖವೇ ಬೇಕಿದ್ದರೆ ಅದಕ್ಕೆ ಇವತ್ತು ಬೇರೆ ಸಿಮ್ಯುಲೇಟರ್‌ಗಳಿವೆ, ನೋಡಲೂ ಇದಕ್ಕಿಂತ ಚೆಂದ. ಫಾಲ್ಕನ್ ಇಷ್ಟು ವರ್ಷ ಬದುಕಿರುವುದು ಅದರ ಕ್ಯಾಂಪೇನ್‌ನಿಂದ. ಕೊರಿಯಾದಲ್ಲಿ ಒಂದು ಯುದ್ಧ ನಡೆಯುತ್ತಿರುತ್ತದೆ. ನೀವು ಹೋದರೂ ಹೋಗದಿದ್ದರೂ ಊರ ಸಂತೆಯ ಹಾಗೆ ಅದರ ಪಾಡಿಗೆ ಅದು ನಡೆಯುತ್ತದೆ. ಆ ಯುದ್ಧದ ಒಳಗೆ ಒಂದು ಸಣ್ಣ ಕೆಲಸ ಮಾಡಿ ಜೀವಂತ ವಾಪಸ್ ಬರಲು ಏನೇನು ಬೇಕೋ ಅಷ್ಟನ್ನೇ ಮೊದಲು ಕಲಿಯಬೇಕು. ಉಳಿದದ್ದು ಆಮೇಲೆ. ಹಾಗಾಗಿ ಇಲ್ಲಿ ಮೊದಲ ಪಾಠ ವಿಮಾನ ಇಳಿಸುವುದು. ಎಂಜಿನ್ ಸ್ಟಾರ್ಟ್ ಮಾಡುವುದು ಕಟ್ಟಕಡೆಗೆ.

ಹಿನ್ನೆಲೆ ಸ್ವಲ್ಪ ಗೊತ್ತಿರಲಿ

ಮೊದಲ ಫಾಲ್ಕನ್ ಬಂದದ್ದು 1987ರಲ್ಲಿ, ಫಾಲ್ಕನ್ 3.0 ಬಂದದ್ದು 1991ರಲ್ಲಿ. ಮಾಡಿದ ಕಂಪನಿ ಸ್ಪೆಕ್ಟ್ರಮ್ ಹೋಲೋಬೈಟ್. ಟೆಟ್ರಿಸ್ ಆಟವನ್ನು ಅಮೆರಿಕದ ಅಂಗಡಿಗಳಿಗೆ ತಂದದ್ದೂ ಇವರೇ. ಇದರ ಹಿಂದಿದ್ದ ಗಿಲ್ಮನ್ ಲೂಯಿ ಮುಂದೆ ಸಿಐಎಯ ಹೂಡಿಕೆ ಸಂಸ್ಥೆ ಇನ್-ಕ್ಯೂ-ಟೆಲ್‌ನ ಮೊದಲ ಮುಖ್ಯಸ್ಥರಾದರು. ಆಟ ಮಾಡುವವರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ನೋಡಿ!

ಸ್ಪೆಕ್ಟ್ರಮ್ ಹೋಲೋಬೈಟ್ ಮತ್ತು ಮೈಕ್ರೋಪ್ರೋಸ್ ಒಂದಾದವು. 1998ರಲ್ಲಿ ಆ ಕಂಪನಿಯನ್ನು ಆಟಿಕೆ ಕಂಪನಿ ಹ್ಯಾಸ್‌ಬ್ರೋ ಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಫಾಲ್ಕನ್ 4.0 ಹೊರಬಂತು. ಡಬ್ಬಿಯೊಳಗೆ ಫೈಲಿನಂತೆ ಕಟ್ಟಿದ ಸುಮಾರು 600 ಪುಟದ ಮ್ಯಾನುಯಲ್. ಆಟದ ತುಂಬಾ ಬಗ್‌ಗಳು. ಮಧ್ಯದಲ್ಲೇ ನಿಂತುಹೋಗುತ್ತಿತ್ತು. ತಂಡ ಒಂದರ ಹಿಂದೆ ಒಂದು ಪ್ಯಾಚ್ ಕೊಟ್ಟು 1.08ರ ತನಕ ತಂದಿತು. ಆದರೆ 1999ರ ಕೊನೆಗೆ ಹ್ಯಾಸ್‌ಬ್ರೋ ಆ ತಂಡವನ್ನೇ ಮುಚ್ಚಿತು.

ಅಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ 2000ದಲ್ಲಿ ಆಟದ ಸೋರ್ಸ್ ಕೋಡ್ ಹೊರಗೆ ಸೋರಿತು. ಅದನ್ನು ಹಿಡಿದು ಬೇರೆ ಬೇರೆ ದೇಶದ ಹವ್ಯಾಸಿಗಳು ರಿಪೇರಿಗೆ ಇಳಿದರು. ಗುಂಪುಗಳು ಹುಟ್ಟಿದವು, ಜಗಳವಾಡಿದವು, ಒಡೆದವು. 2005ರಲ್ಲಿ ಅಲೈಡ್ ಫೋರ್ಸ್ ಅನ್ನುವ ಅಧಿಕೃತ ಆವೃತ್ತಿಯೂ ಬಂತು. ಕೊನೆಗೆ ಗಟ್ಟಿಯಾಗಿ ನಿಂತದ್ದು ಬೆಂಚ್‌ಮಾರ್ಕ್ ಸಿಮ್ಸ್ ತಂಡದ ಫಾಲ್ಕನ್ ಬಿಎಂಎಸ್. ಇವತ್ತು ಯಾರಾದರೂ "ಫಾಲ್ಕನ್ ಆಡ್ತೀನಿ" ಅಂದರೆ ಹೆಚ್ಚಾಗಿ ಬಿಎಂಎಸ್ ಅಂತಲೇ ಅರ್ಥ. 2023ರಲ್ಲಿ ಫಾಲ್ಕನ್ ಹೆಸರಿನ ಹಕ್ಕು, ಹೊಸದಾಗಿ ಎದ್ದು ನಿಂತ ಮೈಕ್ರೋಪ್ರೋಸ್ ಕೈಗೆ ಮರಳಿತು.

ಕೊಳ್ಳುವುದು, ಹಾಕುವುದು

ಬಿಎಂಎಸ್‌ಗೆ ಕಾಸು ಕೊಡಬೇಕಾಗಿಲ್ಲ. ಆದರೆ ನಿಮ್ಮ ಕಂಪ್ಯೂಟರಿನಲ್ಲಿ ಮೂಲ ಫಾಲ್ಕನ್ 4.0 ಇದೆಯಾ ಅಂತ ಅದು ನೋಡುತ್ತದೆ. ಮೂಲ ಆಟ ಸ್ಟೀಮ್, ಗಾಗ್ ಅನ್ನುವ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆ ತೀರಾ ಕಡಿಮೆ. ಮೊದಲು ಅದನ್ನು ಹಾಕಿ. ಅದನ್ನು ಆಡಬೇಕಂತಿಲ್ಲ, ಸುಮ್ನೆ ಇದ್ದರೆ ಸಾಕು. ಆಮೇಲೆ ಬಿಎಂಎಸ್‌ನ ಇತ್ತೀಚಿನ ಆವೃತ್ತಿ ಇಳಿಸಿಕೊಳ್ಳಿ. ಹತ್ತಾರು ಜಿಬಿ ಆಗುತ್ತದೆ. ಮೊಬೈಲ್ ಡೇಟಾ ನೆಚ್ಚಿಕೊಂಡವರು ಯೋಚನೆ ಮಾಡಿ.

ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನ ಒಳಗೆ ಹಾಕಬೇಡಿ. ಅಲ್ಲಿ ವಿಂಡೋಸ್‌ನ ಅನುಮತಿ ತಕರಾರು ಜಾಸ್ತಿ. ಸೇವ್ ಆದ ಕ್ಯಾಂಪೇನ್, ಜಾಯ್‌ಸ್ಟಿಕ್ ಸೆಟ್ಟಿಂಗ್ ಎಲ್ಲ ಅದೇ ಫೋಲ್ಡರಿಗೆ ಬರೆಯಲ್ಪಡುತ್ತವೆ. ಹಾಗಾಗಿ ಡಿ ಡ್ರೈವಿನಲ್ಲಿ ನೇರವಾಗಿ ಒಂದು ಫೋಲ್ಡರ್ ಮಾಡಿ ಅಲ್ಲಿ ಹಾಕಿ. ಎಸ್‌ಎಸ್‌ಡಿ ಇದ್ದರೆ ಇನ್ನೂ ಒಳ್ಳೆಯದು.

ಹಾಕಿದ ಮೇಲೆ ಅದರೊಳಗಿನ ಡಾಕ್ಸ್ ಫೋಲ್ಡರ್ ತೆರೆದು ನೋಡಿ. ಟ್ರೇನಿಂಗ್ ಮ್ಯಾನುಯಲ್ ಒಂದನ್ನು ಗುರುತಿಟ್ಟುಕೊಳ್ಳಿ. ಉಳಿದ ಪಿಡಿಎಫ್‌ಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಬಿಎಂಎಸ್ ಹುಡುಗರು ಬರೆಯುವುದರಲ್ಲಿ ಜಿಪುಣರಲ್ಲ. ಎಲ್ಲ ಓದಿಯೇ ಹಾರುತ್ತೇನೆ ಅಂತ ಕೂತರೆ ಮುಂದಿನ ದಸರಾಕ್ಕೂ ರನ್‌ವೇ ಬಿಡುವುದಿಲ್ಲ.

ಜಾಯ್‌ಸ್ಟಿಕ್ ಬೇಕೇ ಬೇಕಾ?

ಬೇಕು. ಕೀಬೋರ್ಡಿನಲ್ಲಿ ಇದು ಆಗುವ ಮಾತಲ್ಲ. ಆದರೆ ದುಬಾರಿಯದ್ದು ಬೇಡ. ಹಿಡಿ ತಿರುಗಿಸಿದರೆ ರಡ್ಡರ್ (ಬಾಲದ ಚುಕ್ಕಾಣಿ) ಆಗುವ, ಬುಡದಲ್ಲಿ ಥ್ರಾಟಲ್ (ಎಂಜಿನ್ನಿನ ಶಕ್ತಿ ಹೆಚ್ಚು ಕಡಿಮೆ ಮಾಡುವ) ಪಟ್ಟಿ ಇರುವ, ಹತ್ತು-ಹನ್ನೆರಡು ಬಟನ್ನಿನ ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ ತರಹದ್ದು ಧಾರಾಳ ಸಾಕು. ಕಲಿಯುವ ಹಂತದಲ್ಲಿ ಅದಕ್ಕಿಂತ ಹೆಚ್ಚು ಖರ್ಚು ಮಾಡುವುದು ದುಡ್ಡು ದಂಡ.

ಬಟನ್ ಹಂಚುವಾಗ ಈ ಲೆಕ್ಕ ಇಟ್ಟುಕೊಳ್ಳಿ. ಎಫ್-16ರ ನಿಜವಾದ ಸ್ಟಿಕ್ಕಿನಲ್ಲಿ ಎರಡು ನಾಲ್ಕುದಿಕ್ಕಿನ ಗುಬ್ಬಿಗಳು ಎಲ್ಲಕ್ಕಿಂತ ಮುಖ್ಯ. ಒಂದು ಟಿಎಂಎಸ್, ಅಂದರೆ ಗುರಿ ಹಿಡಿಯುವುದು ಮತ್ತು ಬಿಡುವುದು. ಇನ್ನೊಂದು ಡಿಎಂಎಸ್, ಅಂದರೆ ಯಾವ ಪರದೆ ಈಗ ನಿಮ್ಮ ಮಾತು ಕೇಳಬೇಕು ಅನ್ನುವುದು. ಟಿಎಂಎಸ್ ಮೇಲೆ, ಟಿಎಂಎಸ್ ಕೆಳಗೆ, ಡಿಎಂಎಸ್ ಮೇಲೆ, ಡಿಎಂಎಸ್ ಕೆಳಗೆ: ಈ ನಾಲ್ಕು ಜಾಯ್‌ಸ್ಟಿಕ್ಕಿನಲ್ಲೇ ಇರಲಿ. ಜೊತೆಗೆ ಟ್ರಿಗರ್, ಬಾಂಬು-ಕ್ಷಿಪಣಿ ಬಿಡುವ ಬಟನ್, ರಾಡಾರ್ ಕರ್ಸರ್ ಓಡಿಸುವುದು, ಗಾಳಿಯಲ್ಲಿ ವೇಗ ತಗ್ಗಿಸುವ ಸ್ಪೀಡ್ ಬ್ರೇಕ್, ಶತ್ರು ಕ್ಷಿಪಣಿಯ ದಾರಿ ತಪ್ಪಿಸಲು ಬಿಡುವ ಚಾಫ್-ಫ್ಲೇರ್. ಮಿಕ್ಕಿದ್ದನ್ನೆಲ್ಲ ಕಾಕ್‌ಪಿಟ್ಟಿನಲ್ಲಿ ಮೌಸಿನಿಂದ ಒತ್ತಬಹುದು.

ಕೀಬೋರ್ಡಿನಲ್ಲಿ ಒಂದು ಸಾಲು ಮಾತ್ರ ಬಾಯಿಪಾಠವಾಗಲಿ. ಕ್ಯೂ ಒತ್ತಿದರೆ ಅವಾಕ್ಸ್, ಅಂದರೆ ಆಕಾಶದಿಂದ ಕಾವಲು ಕಾಯುವ ರಾಡಾರ್ ವಿಮಾನದ ಜೊತೆ ಮಾತು. ಡಬ್ಲ್ಯೂ ನಿಮ್ಮ ವಿಂಗ್‌ಮನ್, ಅಂದರೆ ಪಕ್ಕದಲ್ಲಿ ಹಾರುವ ಜೊತೆಗಾರ. ಇ ಎರಡನೇ ಜೋಡಿ. ಆರ್ ಇಡೀ ಫ್ಲೈಟ್, ಅಂದರೆ ಒಟ್ಟಿಗೆ ಹಾರುವ ನಿಮ್ಮ ಗುಂಪು. ಟಿ ಟವರ್. ವೈ ಆಕಾಶದಲ್ಲಿ ಇಂಧನ ಕೊಡುವ ಟ್ಯಾಂಕರ್. ಆರೂ ಅಕ್ಷರ ಸಾಲಾಗಿ ಪಕ್ಕಪಕ್ಕದಲ್ಲೇ ಇವೆ. 1998ರಿಂದ ಇದೇ ವ್ಯವಸ್ಥೆ.

ತಲೆ ತಿರುಗಿಸಿದಂತೆ ನೋಟ ತಿರುಗುವ ಸೌಲಭ್ಯಕ್ಕೆ ಹಣ ಸುರಿಯುವ ಮೊದಲು ಓಪನ್‌ಟ್ರ್ಯಾಕ್ ಅನ್ನುವ ಉಚಿತ ತಂತ್ರಾಂಶ ನೋಡಿ. ಮಾಮೂಲಿ ವೆಬ್‌ಕ್ಯಾಮ್‌ನಿಂದಲೇ ಮುಖ ಗುರುತಿಸುತ್ತದೆ. ಕೋಣೆಯಲ್ಲಿ ಬೆಳಕು ಮಾತ್ರ ಚೆನ್ನಾಗಿರಬೇಕು.

ವಿಮಾನದ ಸ್ವಭಾವ

ಪಾಕಿಸ್ತಾನದವರ ಹತ್ತಿರ ಇರುವ ವಿಮಾನವನ್ನು ನಾವು ಯಾಕೆ ಹಾರಿಸಬೇಕು ಅಂತ ಕೇಳುವವರು ಇದ್ದೇ ಇರುತ್ತಾರೆ. ಉತ್ತರ ಸರಳ: ಎಫ್-16 ಕಲಿಯುವವನ ಮೇಲೆ ಕರುಣೆ ಇರುವ ವಿಮಾನ. ಸ್ಟಿಕ್ ಮತ್ತು ರೆಕ್ಕೆಯ ನಡುವೆ ಕಂಪ್ಯೂಟರ್ ಕೂತಿದೆ. ನೀವು ಸ್ಟಿಕ್ ಎಳೆದರೆ "ಇಷ್ಟು ಜಿ ಬೇಕು" ಅಂತ ಅರ್ಜಿ ಹಾಕಿದಂತೆ. ಜಿ ಅಂದರೆ ತಿರುಗುವಾಗ ಮೈಮೇಲೆ ಬೀಳುವ ಭಾರ ಗುರುತ್ವದ ಎಷ್ಟು ಪಟ್ಟು ಅನ್ನುವ ಲೆಕ್ಕ. ಅದು ಯೋಚಿಸಿ, ಸಾಧ್ಯವಿರುವಷ್ಟನ್ನೇ ಕೊಡುತ್ತದೆ. 9 ಜಿ ದಾಟಲು ಬಿಡುವುದಿಲ್ಲ. ಸ್ಟಿಕ್ ಬಿಟ್ಟರೆ ಮೂಗು ಇದ್ದ ಕಡೆಯೇ ನಿಲ್ಲುತ್ತದೆ. ಎರಡನೇ ಮಹಾಯುದ್ಧದ ವಿಮಾನಗಳ ಆಟ ಆಡಿದವರಿಗೆ ಇದು ಹೊಸದು. ಅಲ್ಲಿ ಪ್ರತಿ ಕ್ಷಣ ವಿಮಾನವನ್ನು ಸಂಭಾಳಿಸಬೇಕು. ಇಲ್ಲಿ ಕೈಗೆ ಕೆಲಸ ಕಡಿಮೆ, ತಲೆಗೆ ಜಾಸ್ತಿ.

ಬೆಂಗಳೂರಿಗೂ ಈ ವಿಮಾನಕ್ಕೂ ಒಂದು ನಂಟಿದೆ. ನಮ್ಮ ತೇಜಸ್‌ನ ಇಂಥದ್ದೇ ಕಂಪ್ಯೂಟರ್ ನಿಯಂತ್ರಣದ ಸೂತ್ರಗಳನ್ನು ಇಲ್ಲಿನ ವಿಜ್ಞಾನಿಗಳು ಬರೆದರು. ತೇಜಸ್ ಇನ್ನೂ ಹಾರುವ ಮೊದಲೇ, 1990ರ ದಶಕದಲ್ಲಿ, ಅವನ್ನು ಅಮೆರಿಕದಲ್ಲಿ ಪರೀಕ್ಷೆ ಮಾಡಿದ್ದು ವಿಸ್ಟಾ ಅನ್ನುವ ವಿಶೇಷ ಎಫ್-16ರಲ್ಲಿ. ಬೇರೆ ವಿಮಾನದ ಸ್ವಭಾವವನ್ನು ತನ್ನ ಮೈಮೇಲೆ ತಂದುಕೊಂಡು ಹಾರುವ ವಿಮಾನ ಅದು.

ಮೊದಲ ಪಾಠ: ಇಳಿಯುವುದು

ಟ್ರೇನಿಂಗ್ ಮಿಷನ್‌ಗಳ ಪಟ್ಟಿಯಲ್ಲಿ ಲ್ಯಾಂಡಿಂಗ್ ಪಾಠ ಆರಿಸಿ. ಆಕಾಶದಲ್ಲೇ ಶುರುವಾಗುತ್ತದೆ. ಇಳಿಯಲು ಬಂದರೆ ಧೈರ್ಯ ಬರುತ್ತದೆ. ಪ್ರತಿ ಹಾರಾಟವೂ ಸ್ಫೋಟದಲ್ಲಿ ಮುಗಿಯುತ್ತಿದ್ದರೆ ಯಾರಿಗೆ ತಾನೇ ಮತ್ತೆ ಹಾರುವ ಮನಸ್ಸಾದೀತು?

ರನ್‌ವೇಯಿಂದ 10 ನಾಟಿಕಲ್ ಮೈಲಿ ದೂರದಲ್ಲಿ, ನೆಲದಿಂದ ಸುಮಾರು 3,000 ಅಡಿ ಎತ್ತರದಲ್ಲಿ, ರನ್‌ವೇಗೆ ನೇರವಾಗಿ ಬನ್ನಿ. ಇಳಿಜಾರಿನ ಲೆಕ್ಕ ಸುಲಭ: ಒಂದು ಮೈಲಿಗೆ ಸುಮಾರು 300 ಅಡಿ. ಟಿ ಒತ್ತಿ ಟವರಿಗೆ ಹೇಳಿ. ವೇಗ 300 ನಾಟ್‌ಗಿಂತ ಕೆಳಗೆ ಬಂದ ಮೇಲೆ ಗೇರ್ (ಚಕ್ರಗಳು) ಇಳಿಸಿ. ಮೂರು ಹಸಿರು ದೀಪ ಹತ್ತಬೇಕು. ಫ್ಲ್ಯಾಪ್‌ಗಳ ಚಿಂತೆ ನಿಮಗೆ ಬೇಡ, ಗೇರ್ ಜೊತೆಗೆ ತಾವೇ ಇಳಿಯುತ್ತವೆ. ಸ್ಪೀಡ್ ಬ್ರೇಕ್ ತೆರೆಯಿರಿ.

ಈಗ ಎರಡೇ ಎರಡು ವಸ್ತು ನೋಡಿ. ಮೊದಲನೆಯದು ಹಡ್‌ನಲ್ಲಿ, ಅಂದರೆ ಕಣ್ಣೆದುರಿನ ಪಾರದರ್ಶಕ ಗಾಜಿನ ಪರದೆಯಲ್ಲಿ, ಇರುವ ಫ್ಲೈಟ್ ಪಾತ್ ಮಾರ್ಕರ್. ಪುಟ್ಟ ವೃತ್ತ, ಎರಡು ಕಡೆ ಪುಟ್ಟ ರೆಕ್ಕೆ. ವಿಮಾನದ ಮೂಗು ಎತ್ತ ತೋರಿಸಿದರೂ ವಿಮಾನ ನಿಜವಾಗಿ ಹೋಗುತ್ತಿರುವುದು ಈ ವೃತ್ತ ಇರುವ ಕಡೆಗೆ. ಅದನ್ನು ರನ್‌ವೇಯ ತುದಿಯ ಮೇಲೆ ಇಡಿ. ಎರಡನೆಯದು ಹಡ್‌ನ ಎಡಕ್ಕಿರುವ ಮೂರು ದೀಪಗಳ ಕಂಬ. ಮಧ್ಯದ ಹಸಿರು ವೃತ್ತ ಹತ್ತಿದ್ದರೆ ಸರಿ. ಮೇಲಿನ ಕೆಂಪು ಹತ್ತಿದರೆ ನಿಧಾನವಾಗಿದ್ದೀರಿ, ಕೆಳಗಿನ ಹಳದಿ ಹತ್ತಿದರೆ ಜೋರಾಗಿದ್ದೀರಿ.

ಇಷ್ಟು ವೇಗದಲ್ಲಿ ಇಳಿಯಿರಿ ಅಂತ ಒಂದು ಸಂಖ್ಯೆ ಕೊಟ್ಟುಬಿಟ್ಟರೆ ಆಗದಾ? ಆಗದು. ಬಾಂಬು ಹೊತ್ತ ವಿಮಾನಕ್ಕೂ ಖಾಲಿ ವಿಮಾನಕ್ಕೂ ಬೇಕಾದ ವೇಗ ಬೇರೆ. ಆದರೆ ಗಾಳಿಗೆ ರೆಕ್ಕೆ ಒಡ್ಡುವ ಕೋನ ಎರಡಕ್ಕೂ ಒಂದೇ: 11ರಿಂದ 13 ಡಿಗ್ರಿ. ದೀಪಗಳು ತೋರಿಸುವುದು ಆ ಕೋನವನ್ನು. ಆದ್ದರಿಂದ ಸ್ಟಿಕ್‌ನಿಂದ ವೃತ್ತವನ್ನು ರನ್‌ವೇ ತುದಿಯಲ್ಲಿ ಹಿಡಿಯಿರಿ, ಥ್ರಾಟಲ್‌ನಿಂದ ದೀಪವನ್ನು ಹಸಿರಿನಲ್ಲಿ ಹಿಡಿಯಿರಿ. ಥ್ರಾಟಲನ್ನು ಚೂರು ಚೂರೇ ಆಡಿಸಿ. ಹೊಸಬರು ಅದನ್ನು ಪಂಪಿನಂತೆ ಹಿಂದೆ ಮುಂದೆ ಎಳೆದಾಡುತ್ತಾರೆ, ವಿಮಾನ ಅಲೆ ಹೊಡೆಯುತ್ತದೆ.

ರನ್‌ವೇ ಹತ್ತಿರ ಬಂದಂತೆ ವೃತ್ತವನ್ನು ಮೆಲ್ಲಗೆ ಮುಂದಕ್ಕೆ ಜಾರಿಸಿ, ಥ್ರಾಟಲ್ ಹಿಂದಕ್ಕೆ ತನ್ನಿ. ಚಕ್ರ ತಾಗಿದ ಕೂಡಲೇ ಬ್ರೇಕ್ ಒತ್ತಬೇಡಿ. ಮೂಗನ್ನು 13 ಡಿಗ್ರಿಯಲ್ಲೇ ಎತ್ತಿ ಹಿಡಿಯಿರಿ. ವಿಮಾನದ ಹೊಟ್ಟೆಯೇ ಗಾಳಿಗೆ ಅಡ್ಡ ನಿಂತು ವೇಗ ತಗ್ಗಿಸುತ್ತದೆ. 15 ಡಿಗ್ರಿ ದಾಟಿದರೆ ಮಾತ್ರ ಬಾಲ ನೆಲಕ್ಕೆ ಉಜ್ಜುತ್ತದೆ. 100 ನಾಟ್ ಹತ್ತಿರ ಬಂದಾಗ ಮೂಗು ಇಳಿಸಿ, ಆಮೇಲೆ ಬ್ರೇಕ್. ಇದು ಕೈಗೆ ಕೂರುವ ತನಕ ಬೇರೆ ಪಾಠಕ್ಕೆ ಹೋಗಬೇಡಿ.

ಏರುವುದು ಇದರ ಮುಂದೆ ಏನೇನೂ ಅಲ್ಲ. ಥ್ರಾಟಲ್ ಪೂರ್ತಿ, 150 ನಾಟ್ ಸುಮಾರಿಗೆ ಮೂಗು ಎತ್ತಿ, 300 ನಾಟ್ ಆಗುವ ಮೊದಲು ಗೇರ್ ಮೇಲೆ. ಮುಗೀತು.

ಒಂದು ಬಾಂಬು

ಆಯುಧಗಳ ಪಟ್ಟಿ ಉದ್ದವಿದೆ. ಮೊದಲಿಗೆ ಒಂದೇ ಸಾಕು: ಎಂಕೆ-82, 500 ಪೌಂಡಿನ ಸಾದಾ ಬಾಂಬು. ಬಿಡುವ ವಿಧಾನವೂ ಒಂದೇ ಸಾಕು: ಸಿಸಿಆರ್‌ಪಿ. ಇದರಲ್ಲಿ ಗುರಿ ಎಲ್ಲಿದೆ ಅಂತ ವಿಮಾನಕ್ಕೆ ಮೊದಲೇ ಗೊತ್ತು, ಏಕೆಂದರೆ ನಿಮ್ಮ ದಾರಿಯಲ್ಲಿ ಮೊದಲೇ ಗುರುತು ಮಾಡಿದ ಸ್ಟೀರ್‌ಪಾಯಿಂಟ್‌ಗಳಲ್ಲಿ (ದಾರಿಯ ಗುರುತುಗಳು) ಒಂದು ಗುರಿಯ ಮೇಲೇ ಇರುತ್ತದೆ.

ಆಯುಧಗಳ ಬೀಗ ತೆಗೆಯುವ ಮಾಸ್ಟರ್ ಆರ್ಮ್ ಸ್ವಿಚ್ಚು ಆನ್ ಮಾಡಿ. ಎದುರಿನ ಗುಂಡಿಗಳಲ್ಲಿ ಎ-ಜಿ (ಗಾಳಿಯಿಂದ ನೆಲಕ್ಕೆ) ಒತ್ತಿ. ಹಡ್‌ನಲ್ಲಿ ಒಂದು ಉದ್ದ ಗೆರೆ ಬರುತ್ತದೆ. ಫ್ಲೈಟ್ ಪಾತ್ ಮಾರ್ಕರನ್ನು ಆ ಗೆರೆಯ ಮೇಲೆ ತಂದು, ರೆಕ್ಕೆ ಸಮ ಮಾಡಿ ಹಾರಿ. ಹತ್ತಿರ ಬಂದಾಗ ಬಾಂಬಿನ ಬಟನ್ ಒತ್ತಿ ಹಿಡಿದುಕೊಳ್ಳಿ. ಬಿಡುವ ಕ್ಷಣವನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಗೆರೆಯ ಮೇಲಿನ ಗುರುತು ಮಾರ್ಕರನ್ನು ದಾಟಿದಾಗ ಬಾಂಬು ಕಳಚುತ್ತದೆ. ಅದಕ್ಕಿಂತ ಮೊದಲೇ ಬೆರಳು ತೆಗೆದರೆ ಬಾಂಬು ರೆಕ್ಕೆಯಲ್ಲೇ ಉಳಿಯುತ್ತದೆ. "ಬಾಂಬು ಬೀಳ್ತಿಲ್ಲ, ಆಟದಲ್ಲಿ ಬಗ್ ಇದೆ" ಅನ್ನುವ ದೂರುಗಳ ಹಿಂದೆ ಬಹಳಷ್ಟು ಸಲ ಇದೇ ಕಾರಣ, ಇಲ್ಲವೇ ಮಾಸ್ಟರ್ ಆರ್ಮ್ ಮರೆತಿರುತ್ತಾರೆ.

15,000 ಅಡಿಗಿಂತ ಕೆಳಗೆ ಇಳಿಯಬೇಡಿ. ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗಳು, ಸಣ್ಣ ಫಿರಂಗಿಗಳು ಆ ಎತ್ತರಕ್ಕೆ ಬರುವುದಿಲ್ಲ. ಅಷ್ಟು ಮೇಲಿಂದ ಸಾದಾ ಬಾಂಬು ಕರಾರುವಾಕ್ಕಾಗಿ ಬೀಳುವುದಿಲ್ಲ ನಿಜ. ಅದಕ್ಕೇ ದೊಡ್ಡ ಗುರಿ ಆರಿಸಿಕೊಳ್ಳಿ: ಕಾರ್ಖಾನೆ, ಉಗ್ರಾಣ, ರನ್‌ವೇ. ಸೇತುವೆಗೆ ಲೇಸರ್ ಬಾಂಬು ಬೇಕು. ಅದನ್ನು ಆಮೇಲೆ ಕಲಿಯಿರಿ.

ಒಂದು ಕ್ಷಿಪಣಿ

ಗಾಳಿಯಿಂದ ಗಾಳಿಗೆ ಹಾರಿಸಲು ಏಮ್-120 ಅನ್ನುವ ರಾಡಾರ್ ಕ್ಷಿಪಣಿ ಕಲಿಯಿರಿ. ಸಿನಿಮಾದಲ್ಲಿ ತೋರಿಸುವ ಸುತ್ತಾಟದ ಕಾದಾಟಕ್ಕೆ ಆಸೆಪಡಬೇಡಿ. ಅದು ಆಡಲು ಮಜಾ, ಆದರೆ ಕ್ಯಾಂಪೇನ್‌ನಲ್ಲಿ ಅಲ್ಲಿಗೆ ಬಂದು ಮುಟ್ಟಿದರೆ ಮೊದಲೇ ಏನೋ ಎಡವಟ್ಟಾಗಿದೆ ಅಂತ ಅರ್ಥ.

ರಾಡಾರ್ ಪರದೆಯಲ್ಲಿ ಸಣ್ಣ ಚೌಕ ಕಾಣುತ್ತದೆ. ಕರ್ಸರ್ ಅದರ ಮೇಲೆ ತನ್ನಿ, ಟಿಎಂಎಸ್ ಮೇಲೆ ಒತ್ತಿ. ಈಗ ಗುರಿ ಸಿಕ್ಕಿತು. ಆದರೆ ಅದು ಯಾರು? ಕ್ಯೂ ಒತ್ತಿ ಅವಾಕ್ಸ್‌ಗೆ ಕೇಳಿ. ಉತ್ತರ ಬರುವ ತನಕ ಬಟನ್ ಮುಟ್ಟಬೇಡಿ. ಕೊರಿಯಾದ ಆ ಇಕ್ಕಟ್ಟು ಆಕಾಶದಲ್ಲಿ ನಮ್ಮವರೇ (ದಕ್ಷಿಣ ಕೊರಿಯಾ, ಅಮೆರಿಕದ ಕಡೆಯವರು) ಜಾಸ್ತಿ. ಶತ್ರು ಅಂತ ಖಾತ್ರಿಯಾದ ಮೇಲೆ, ಹಡ್‌ನ ಬಲಗಡೆ ದೂರದ ಅಳತೆಪಟ್ಟಿ ನೋಡಿ, ಗುರುತು ಒಳಗೆ ಬಂದಾಗ ಹಾರಿಸಿ.

ಹಾರಿಸಿದ ಮೇಲೆ ನೇರ ಹೋಗಬೇಡಿ. ಈ ಕ್ಷಿಪಣಿಯ ಮೂಗಿನಲ್ಲಿ ಪುಟ್ಟ ರಾಡಾರ್ ಇದೆ, ಆದರೆ ಅದು ಕಣ್ಣು ಬಿಡುವುದು ಕೊನೆಯ ಹಂತದಲ್ಲಿ. ಅಲ್ಲಿಯ ತನಕ ನಿಮ್ಮ ರಾಡಾರೇ ದಾರಿ ಹೇಳಬೇಕು. ಹಾಗಾಗಿ ಶತ್ರುವನ್ನು ರಾಡಾರ್ ನೋಟದ ಅಂಚಿಗೆ ತಳ್ಳುವಂತೆ 50 ಡಿಗ್ರಿಯಷ್ಟು ಪಕ್ಕಕ್ಕೆ ತಿರುಗಿ. ಅವನ ಕಡೆಗೆ ನೀವು ಹೋಗುವ ವೇಗ ಕಡಿಮೆಯಾಗುತ್ತದೆ, ಅವನ ಕ್ಷಿಪಣಿಗೆ ದಾರಿ ಉದ್ದವಾಗುತ್ತದೆ. ನಿಮ್ಮದು ಸ್ವತಂತ್ರವಾಯಿತು ಅಂತ ಹಡ್ ಹೇಳಿದ ಕೂಡಲೇ ಬೆನ್ನು ತಿರುಗಿಸಿ ಓಡಿ. ಓಡುವುದರಲ್ಲಿ ನಾಚಿಕೆ ಏನಿಲ್ಲ. ನಿಜವಾದ ಪೈಲಟ್‌ಗಳೂ ಅದನ್ನೇ ಮಾಡುತ್ತಾರೆ.

ಹೆದರಿಸುವ ಪುಟ್ಟ ಪರದೆ

ಎಡಗಡೆ ಮೇಲೆ ಒಂದು ದುಂಡು ಪರದೆ ಇದೆ, ಆರ್‌ಡಬ್ಲ್ಯುಆರ್. ನಿಮ್ಮನ್ನು ಯಾರ ರಾಡಾರ್ ನೋಡುತ್ತಿದೆ ಅಂತ ತೋರಿಸುತ್ತದೆ. 2 ಅಂತ ಬಂದರೆ ಎಸ್‌ಎ-2 ಕ್ಷಿಪಣಿ ನೆಲೆ, 3 ಅಂದರೆ ಎಸ್‌ಎ-3, 5 ಅಂದರೆ ಎಸ್‌ಎ-5. ಎಲ್ಲ ಹಳೆಯ ಸೋವಿಯತ್ ಸರಕು. ಆದರೂ ನಿರ್ಲಕ್ಷ್ಯ ಮಾಡಿದವನನ್ನು ಬಿಡುವುದಿಲ್ಲ. ಬರೀ ಸಂಖ್ಯೆ ಕಂಡರೆ ಗಾಬರಿ ಬೇಡ, ನೋಡುತ್ತಿದ್ದಾರೆ ಅಷ್ಟೆ. ಸಂಖ್ಯೆಯ ಸುತ್ತ ವೃತ್ತ ಮಿನುಗಿ ಕಿವಿಯಲ್ಲಿ ಕಿರುಚಾಟ ಶುರುವಾದರೆ ಹಾರಿಸಿದ್ದಾರೆ ಅಂತ.

ಆಗ ಆ ಸಂಖ್ಯೆಯನ್ನು ನಿಮ್ಮ ಎಡ ಅಥವಾ ಬಲ ಭುಜದ ನೇರಕ್ಕೆ ಬರುವಂತೆ ತಿರುಗಿ. ಮೂಗು ಸ್ವಲ್ಪ ಕೆಳಗೆ, ಚಾಫ್ ಬಿಡುತ್ತಾ ಹೋಗಿ. ಎಸ್‌ಎ-2 ದೊಡ್ಡದು, ಹೊಗೆ ಉಗುಳುತ್ತಾ ಬರುವುದು ಕಣ್ಣಿಗೇ ಕಾಣುತ್ತದೆ. ಅದು ತೀರಾ ಹತ್ತಿರ ಬಂದಾಗ ಒಮ್ಮೆಲೇ ಎಳೆದು ತಿರುಗಿದರೆ ಅಷ್ಟು ಬೇಗ ತಿರುಗಲು ಅದಕ್ಕೆ ಆಗುವುದಿಲ್ಲ. ಮೊದಲೇ ತಿರುಗಿದರೆ ಅದೂ ನಿಧಾನಕ್ಕೆ ತಿರುಗಿಕೊಂಡು ಬರುತ್ತದೆ. ಈ ತಾಳ್ಮೆ ಕಲಿಯುವುದೇ ಕಷ್ಟ.

ಈಗ ಯುದ್ಧಕ್ಕೆ

ಇಳಿಯಲು ಬಂತು, ಒಂದು ಬಾಂಬು ಬಂತು, ಒಂದು ಕ್ಷಿಪಣಿ ಬಂತು. ಇಷ್ಟು ಸಾಕು, ಕ್ಯಾಂಪೇನ್ ತೆರೆಯಿರಿ. "ಇನ್ನೂ ಚೆನ್ನಾಗಿ ಕಲಿತು ಹೋಗೋಣ" ಅಂತ ಕಾಯುವುದು ಬೇಡ.

ತೆರೆದ ಕೂಡಲೇ ಕೊರಿಯಾ ಭೂಪಟ. ಮೇಲೆ ನೂರಾರು ಗುರುತುಗಳು. ಪ್ರತಿಯೊಂದೂ ಒಂದು ಸೇನಾ ತುಕಡಿ, ಒಂದು ವಿಮಾನ ಗುಂಪು, ಒಂದು ಹಡಗು. ಯಾವುದೂ ಅಲಂಕಾರಕ್ಕೆ ಇಟ್ಟದ್ದಲ್ಲ. ಉತ್ತರದ ಟ್ಯಾಂಕ್ ತುಕಡಿ ದಕ್ಷಿಣಕ್ಕೆ ಬರಬೇಕಾದರೆ ರಸ್ತೆ ಬೇಕು, ಸೇತುವೆ ಬೇಕು, ಇಂಧನ ಬೇಕು. ಸೇತುವೆ ಬಿದ್ದರೆ ಸುತ್ತು ಹಾಕಿ ಬರಬೇಕು. ವಿಮಾನ ನಿಲ್ದಾಣದ ರನ್‌ವೇ ಒಡೆದರೆ ರಿಪೇರಿ ಆಗುವ ತನಕ ಅಲ್ಲಿಂದ ಯಾರೂ ಏರುವುದಿಲ್ಲ. ನಿಮ್ಮ ಸ್ಕ್ವಾಡ್ರನ್ನಿನ ವಿಮಾನಗಳೂ ಲೆಕ್ಕದ್ದೇ, ಕಳೆದುಕೊಂಡರೆ ಬೇಗ ತುಂಬುವುದಿಲ್ಲ.

ಪೆಂಟಿಯಂ ಕಾಲದ ಕಂಪ್ಯೂಟರಿನಲ್ಲಿ ಇದನ್ನೆಲ್ಲ ಹೇಗೆ ನಡೆಸಿದರು? ಕ್ಯಾಂಪೇನ್ ಬರೆದ ಕೆವಿನ್ ಕ್ಲೆಮಿಕ್ ಮತ್ತು ತಂಡದ ಉಪಾಯ ಹೀಗಿತ್ತು. ನಿಮ್ಮ ವಿಮಾನದ ಸುತ್ತ ಒಂದು ಗುಳ್ಳೆ ಇದೆ ಅಂದುಕೊಳ್ಳಿ. ಗುಳ್ಳೆಯ ಹೊರಗಿನ ಯುದ್ಧ ಬರೀ ಲೆಕ್ಕಾಚಾರ: ಈ ತುಕಡಿ ಆ ತುಕಡಿಗೆ ಡಿಕ್ಕಿ ಹೊಡೆಯಿತು, ಇಷ್ಟು ನಷ್ಟ. ನೀವು ಹತ್ತಿರ ಹೋದಾಗ ಆ ತುಕಡಿ ಗುಳ್ಳೆಯ ಒಳಗೆ ಬರುತ್ತದೆ, ಒಂದೊಂದು ಟ್ಯಾಂಕೂ ಒಂದೊಂದು ಲಾರಿಯೂ ಬಿಡಿಬಿಡಿಯಾಗಿ ಹುಟ್ಟಿಕೊಳ್ಳುತ್ತದೆ. ನೀವು ದಾಟಿ ಹೋದ ಮೇಲೆ ಉಳಿದವು ಮತ್ತೆ ಸಂಖ್ಯೆಯಾಗುತ್ತವೆ. ಅಂದಿನಿಂದ ಎಷ್ಟೋ ಆಟಗಳು ಬಂದವು. ನನ್ನ ಮಟ್ಟಿಗೆ ಇಷ್ಟು ದೊಡ್ಡ ಯುದ್ಧವನ್ನು ಇಷ್ಟು ನಂಬುವಂತೆ ನಡೆಸಿದ್ದು ಇನ್ನೊಂದಿಲ್ಲ.

ಶುರುವಿಗೆ ಸ್ಕ್ವಾಡ್ರನ್ ಆರಿಸಬೇಕು. ಕುನ್ಸಾನ್ ನೆಲೆ ತೆಗೆದುಕೊಳ್ಳಿ. ನಿಜಜೀವನದಲ್ಲೂ ಅಮೆರಿಕದ ಎಫ್-16ಗಳು ಬಹುಕಾಲ ಇದ್ದ ಜಾಗ ಅದು. ಗಡಿಯಿಂದ ದೂರ. ಏರಿದ ಮೇಲೆ ಉಸಿರಾಡಲು, ಪರದೆ ಸರಿಮಾಡಿಕೊಳ್ಳಲು ಸಮಯ ಸಿಗುತ್ತದೆ. ಸೋಲ್ ಹತ್ತಿರದ ಓಸಾನ್ ನೆಲೆಯಾದರೆ ಗೇರ್ ಎತ್ತುವಷ್ಟರಲ್ಲಿ ಗಲಾಟೆ ಶುರು.

ಬಲಗಡೆ ಹಾರಾಟಗಳ ಪಟ್ಟಿ ಇರುತ್ತದೆ. ಅದನ್ನು ಬರೆದದ್ದು ಆಟದೊಳಗಿನ ಸೇನಾ ಕಚೇರಿ. ಮೊದಲ ಸಲಕ್ಕೆ ಗಡಿಯ ನಮ್ಮ ಕಡೆಯಲ್ಲೇ ಕಾವಲು ಸುತ್ತುವ ಕ್ಯಾಪ್ ಮಿಷನ್ ಹಿಡಿಯಿರಿ. ನೆಲದ ಕ್ಷಿಪಣಿಗಳ ಕಾಟ ಕಡಿಮೆ. ಬಾಂಬು ಹಾಕುವ ಕೆಲಸಕ್ಕೆ ಬಂದಾಗ ಪ್ಯಾಕೇಜ್‌ನಲ್ಲಿ, ಅಂದರೆ ಆ ಕೆಲಸಕ್ಕೆ ಒಟ್ಟಿಗೆ ಹೊರಡುವ ಗುಂಪುಗಳಲ್ಲಿ, ಯಾರ್ಯಾರಿದ್ದಾರೆ ನೋಡಿ. ಬೆಂಗಾವಲು ಇದೆಯಾ? ರಾಡಾರ್ ನೆಲೆಗಳನ್ನು ಹೊಡೆಯುವ ಸೀಡ್ ವಿಮಾನಗಳಿವೆಯಾ? ಒಬ್ಬರೇ ಹೋಗಬೇಕಾದ ಮಿಷನ್ ಇದ್ದರೆ ಬಿಟ್ಟುಬಿಡಿ, ಬೇರೆಯವರು ಹೋಗಲಿ. ಹಾರುವ ಆಯ್ಕೆ ಒತ್ತಿದಾಗ ರ‍್ಯಾಂಪ್, ಟ್ಯಾಕ್ಸಿ, ಟೇಕಾಫ್ ಅಂತ ಮೂರು ಕೇಳುತ್ತದೆ: ವಿಮಾನ ನಿಲ್ಲಿಸಿದ ಜಾಗದಿಂದ ಶುರು ಮಾಡುವುದೋ, ರನ್‌ವೇಗೆ ಉರುಳಿಸಿಕೊಂಡು ಹೋಗುವ ಹಂತದಿಂದಲೋ, ಏರುವ ಹಂತದಿಂದಲೋ ಅಂತ. ಟೇಕಾಫ್ ಆರಿಸಿ. ಎಂಜಿನ್ ಹತ್ತಿಕೊಂಡು ರನ್‌ವೇ ಮೇಲೇ ನಿಂತಿರುತ್ತೀರಿ.

ಮೇಲೆ ಹೋದ ಮೇಲೆ ಸ್ವಲ್ಪ ಹೊತ್ತು ರೇಡಿಯೋ ಕೇಳಿ. ಯಾರೋ ಇಂಧನ ಮುಗಿಯಿತು ಅನ್ನುತ್ತಾನೆ. ಯಾರೋ ಕ್ಷಿಪಣಿ ಹಾರಿಸಿದೆ ಅಂತ ಕೂಗುತ್ತಾನೆ. ಇನ್ಯಾರೋ ನೆಲೆಗೆ ಮರಳುತ್ತಿದ್ದಾನೆ. ನಿಮಗೆ ಕೇಳಿಸಲಿ ಅಂತ ಮಾಡಿಟ್ಟ ರೆಕಾರ್ಡಿಂಗ್ ಅಲ್ಲ ಅದು. ಆ ಹೊತ್ತಿಗೆ ಆ ವಿಮಾನ ನಿಜವಾಗಿ ಭೂಪಟದಲ್ಲಿ ಎಲ್ಲೋ ಇದೆ. ಆ ಕಡೆ ತಿರುಗಿ ಹೋದರೆ ಅದನ್ನು ನೋಡಬಹುದು.

ವಾಪಸ್ ಬಂದ ಮೇಲೆ ತಕ್ಷಣ ಇನ್ನೊಂದು ಮಿಷನ್‌ಗೆ ಹಾರಬೇಡಿ. ಡಿಬ್ರೀಫಿಂಗ್, ಅಂದರೆ ಹಾರಾಟದ ವರದಿ, ಓದಿ. ನೀವು ಹೊಡೆದ ಉಗ್ರಾಣ ಭೂಪಟದಲ್ಲಿ ಹುಡುಕಿ, ಎಷ್ಟು ಹಾನಿಯಾಗಿದೆ ನೋಡಿ. ಕಾಲವನ್ನು 64 ಪಟ್ಟು ವೇಗವಾಗಿ ಓಡಿಸಿ, ಗಡಿರೇಖೆ ಎತ್ತ ಸರಿಯುತ್ತದೆ ಗಮನಿಸಿ. ನೀವು ಸುಮ್ನೆ ನೋಡುತ್ತಿರುವಾಗಲೂ ಪಟ್ಟಿಯ ಹಾರಾಟಗಳು ಹೊರಡುತ್ತವೆ, ಕೆಲವು ಮರಳುವುದಿಲ್ಲ. ಯಾವ ಗುರಿಗೆ ಎಷ್ಟು ಒತ್ತು ಅಂತ ನೀವೇ ಬದಲಿಸಲು ಪಟ್ಟಿಗಳಿವೆ. ಒಂದು ಕ್ಯಾಂಪೇನ್ ಮುಗಿಯುವ ತನಕ ಅದನ್ನು ಕಚೇರಿಗೇ ಬಿಡಿ. ಮತ್ತೆ, ಪ್ರತಿ ಹಾರಾಟದ ನಂತರ ಹೊಸ ಹೆಸರಿನಲ್ಲಿ ಸೇವ್ ಮಾಡಿ. ಒಂದೇ ಹೆಸರಿನ ಮೇಲೆ ಬರೆಯುತ್ತಾ ಹೋದರೆ, ಫೈಲ್ ಕೆಟ್ಟ ದಿನ ಇಡೀ ಯುದ್ಧವೇ ಹೋಯಿತು.

ಕೊನೆಗೆ, ಎಂಜಿನ್

ಕೆಲವು ಹಾರಾಟ ಆದ ಮೇಲೆ ನಿಮಗೇ ರ‍್ಯಾಂಪ್‌ನಿಂದ ಶುರು ಮಾಡುವ ಆಸೆ ಬರುತ್ತದೆ. ಅಷ್ಟರಲ್ಲಿ ಅರ್ಧ ಸ್ವಿಚ್ಚುಗಳು ಪರಿಚಯವಾಗಿರುತ್ತವೆ. ಪೂರ್ತಿ ಪಟ್ಟಿ ಟ್ರೇನಿಂಗ್ ಮ್ಯಾನುಯಲ್‌ನಲ್ಲಿದೆ. ಅದರ ಬೆನ್ನೆಲುಬು ಇಷ್ಟು:

1. ಮೇನ್ ಪವರ್ ಸ್ವಿಚ್ಚನ್ನು ಮೊದಲು ಬ್ಯಾಟರಿಗೆ, ಆಮೇಲೆ ಮೇನ್‌ಗೆ ತನ್ನಿ. ಕಾಕ್‌ಪಿಟ್ ಮುಚ್ಚಿ.
2. ಜೆಎಫ್‌ಎಸ್ ಸ್ವಿಚ್ಚನ್ನು ಸ್ಟಾರ್ಟ್ 2ಕ್ಕೆ ಹಾಕಿ. ಪುಟ್ಟ ಟರ್ಬೈನ್ ಒಂದು ದೊಡ್ಡ ಎಂಜಿನ್ನನ್ನು ತಿರುಗಿಸಲು ಶುರು ಮಾಡುತ್ತದೆ.
3. ಆರ್‌ಪಿಎಂ 20 ಪರ್ಸೆಂಟ್ ತಲುಪಿದಾಗ ಥ್ರಾಟಲನ್ನು ಐಡಲ್‌ಗೆ ತನ್ನಿ. ಅದಕ್ಕೆ ಮೊದಲು ಬೇಡ. ಎಂಜಿನ್ ಹತ್ತಿಕೊಳ್ಳುತ್ತದೆ, ಉಷ್ಣದ ಮುಳ್ಳು ಏರುತ್ತದೆ.
4. ಬಲಗಡೆಯ ಏವಿಯಾನಿಕ್ಸ್ ಪವರ್ ಸ್ವಿಚ್ಚುಗಳನ್ನು ಸಾಲಾಗಿ ಆನ್ ಮಾಡಿ.
5. ಐಎನ್‌ಎಸ್ (ಶುರುವಿನಲ್ಲಿ ಹೇಳಿದ ದಿಕ್ಕಿನ ಯಂತ್ರ) ಗುಬ್ಬಿಯನ್ನು ನಾರ್ಮಲ್ ಅಲೈನ್‌ಗೆ ತಿರುಗಿಸಿ. ಇದಕ್ಕೆ ಸುಮಾರು 8 ನಿಮಿಷ. ಅಷ್ಟು ಹೊತ್ತು ವಿಮಾನ ಅಲುಗಾಡಬಾರದು. ಆಮೇಲೆ ನ್ಯಾವ್‌ಗೆ ತಿರುಗಿಸಲು ಮರೆಯಬೇಡಿ.
6. ರಾಡಾರ್, ಆರ್‌ಡಬ್ಲ್ಯುಆರ್, ಚಾಫ್-ಫ್ಲೇರ್ ಆನ್. ಇಜೆಕ್ಷನ್ ಸೀಟಿನ ಲಿವರ್ ಆರ್ಮ್‌ಗೆ. ಮೂಗಿನ ಚಕ್ರದ ಸ್ಟಿಯರಿಂಗ್ ಆನ್ ಮಾಡಿ, ಟಿ ಒತ್ತಿ ಟ್ಯಾಕ್ಸಿಗೆ ಅನುಮತಿ ಕೇಳಿ.

ಆ 8 ನಿಮಿಷ ಬೇಜಾರು ಅನ್ನುವವರು ಅದನ್ನು ಬ್ರೀಫಿಂಗ್ ಓದಲು ಇಟ್ಟುಕೊಳ್ಳಿ. ಗುರಿಯ ಹತ್ತಿರ ಯಾವ ಕ್ಷಿಪಣಿ ನೆಲೆಗಳಿವೆ, ಟ್ಯಾಂಕರ್ ಎಲ್ಲಿ ಸುತ್ತುತ್ತಿದೆ, ನಿಮ್ಮ ನೆಲೆಗೆ ಪೆಟ್ಟು ಬಿದ್ದರೆ ಇಳಿಯಲು ಇನ್ನೊಂದು ನಿಲ್ದಾಣ ಯಾವುದು, ಎಲ್ಲ ಅಲ್ಲಿದೆ. ಎದುರಿನ ಗುಂಡಿಗಳಲ್ಲಿ ಲಿಸ್ಟ್, ಆಮೇಲೆ 2 ಒತ್ತಿ ಬಿಂಗೋ ಇಂಧನದ, ಅಂದರೆ ಮನೆಗೆ ಮರಳಲು ಹೊರಡಲೇಬೇಕಾದ ಮಟ್ಟದ, ಅಂಕಿ ಹಾಕಿ. ಅಷ್ಟಕ್ಕೆ ಬಂದಾಗ ವಿಮಾನವೇ ಬಾಯಿ ಬಿಟ್ಟು ಹೇಳುತ್ತದೆ. ಹೇಳಿದ ಮೇಲೆ ಇನ್ನೊಂದು ಸುತ್ತು ಅಂತ ಹಟ ಹಿಡಿಯಬೇಡಿ. ಕುನ್ಸಾನ್ ದೂರ ಇದೆ.